ಪಡ್ಡಿನ ಹಂಚಿನ ಮಿರ್ಚಿ

ಹಂಚಿನ ಕುಳಿಗಳಿಗೆ ಒಂದೊಂದೇ ಹನಿ ಎಣ್ಣೆ ಬಿಟ್ಟು ಶಿವದೇವಿ ಮೆಣಸಿನಕಾಯಿಯ ತುಂಡುಗಳನ್ನು ಮಗುಚಿ ಹಾಕಿದಳು. ಹೊರಗೆ ಪಡಸಾಲೆಯಲ್ಲಿ ಅವಳ ಗಂಡ ವೀರಭದ್ರಪ್ಪನನ್ನು ಗೋಡೆಗೊರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ ಹಾರ. ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಮಲ್ಕಾಜ್‌ಗಿರಿಯ ಆ ಪುಟ್ಟ ಮನೆಯಲ್ಲಿ ಈಗ ಕಾಲಿಡಲು ಜಾಗವಿಲ್ಲ. ಹೆಣ ಮುಂದಿಟ್ಟುಕೊಂಡು ಒಲೆ ಹಚ್ಚಿದಳೆಂದು ಯಾರಾದರೂ ಮೂಗು ಮುರಿದರೆ ಮುರಿಯಲಿ. ಅವರ ಮನೆತನದ ರೂಢಿಯೇ ಹಾಗೆ. ಹೆಣ ಎತ್ತುವ ಮುಂಚೆ, ಹೋದವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನು ಅವರ ಮುಂದೆ ಎಡೆ ಇಡಬೇಕು. ಮಣ್ಣು ಮಾಡಿ ಬಂದ ಮೇಲೆ ಅದನ್ನು ಮನೆಯವರೇ ತಿನ್ನಬೇಕು, ಹೆಂಡತಿ ಮೊದಲು.

"ಹೊತ್ತಿದ ವಾಸನಿ ಬರಾಕತ್ತೈತಿ ನೋಡವ್ವಾ," ಎಂದಳು ಬಾಗಿಲಲ್ಲಿ ನಿಂತ ಮಗಳು ಮಾನ್ಯಾ.

"ಬರ್ಲಿ ಬಿಡು. ನಿಮ್ಮಪ್ಪಗ ಒಂದೀಟು ಕೆಂಪಗಾದ್ರನ ಸೇರತಿತ್ತು."

ಮಾನ್ಯಾ ಏನೋ ಹೇಳಲು ಬಾಯಿ ತೆರೆದಳು. ಹೇಳದೆ, ದುಪಟ್ಟಾ ಬಾಯಿಗೊತ್ತಿಕೊಂಡು ಹೊರಗೆ ಹೋದಳು. ಪಾಪ, ಅಳು ಬಂದಿರಬೇಕು ಅಂದುಕೊಂಡಳು ಶಿವದೇವಿ.

*

ವೀರಭದ್ರಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವನು, ಮೂಲ ಗದಗಿನವನು. ಮಿರ್ಚಿ ಎಂದರೆ ಜೀವ ಬಿಡುತ್ತಿದ್ದ. ಎಂಟು ವರ್ಷದ ಹಿಂದೆ ಎದೆಗೆ ಸ್ಟೆಂಟ್ ಹಾಕಿದ ಡಾಕ್ಟರರೂ ಹೆಚ್ಚುಕಡಿಮೆ ಅದನ್ನೇ, ತಿಂದರೆ ಜೀವ ಹೋದೀತೆಂದೇ, ಹೇಳಿ ಮನೆಗೆ ಕಳಿಸಿದರು. ಕರಿದದ್ದು ಇನ್ನು ಮುಟ್ಟಬಾರದು.

ಗಂಡನ ಮುಖ ನೋಡಲಾಗದೆ ಶಿವದೇವಿ ಹಟಕ್ಕೆ ಬಿದ್ದಳು. ಕಡಲೆಹಿಟ್ಟಿಗೆ ಜೋಳದ ಹಿಟ್ಟು ಬೆರೆಸಿದಳು, ಸೋಡಾ ಬಿಟ್ಟು ಹುಳಿ ಮೊಸರು ಹಾಕಿದಳು, ಬಾಣಲೆಯನ್ನು ಅಟ್ಟಕ್ಕೇರಿಸಿ ಪಡ್ಡಿನ ಹಂಚು ಇಳಿಸಿದಳು. ಇಡೀ ಮೆಣಸಿನಕಾಯಿ ಕುಳಿಯಲ್ಲಿ ಹಿಡಿಸದು, ತುಂಡು ಮಾಡಿದಳು. ಮೊದಲ ಸಲ ಹಲ್ಲಿಗಂಟಿತು, ಮರುಸಲ ಕಲ್ಲಾಯಿತು. ಕೊನೆಗೊಂದು ದಿನ ವೀರಭದ್ರಪ್ಪ ಕಣ್ಣು ಮುಚ್ಚಿ ಅಗಿದು, "ಕರದದ್ದಕ್ಕ ಏನೇನೂ ಕಡಿಮಿ ಇಲ್ಲ ನೋಡು" ಎಂದ. ಅವತ್ತು ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮಿರ್ಚಿ ಎಂದರೆ ಅವಳಿಗೂ ಅಷ್ಟೇ ಆಸೆ. ಆದರೆ ಗಂಡ ಬಿಟ್ಟದ್ದನ್ನು ತಾನೊಬ್ಬಳೇ ಹೇಗೆ ತಿನ್ನುವುದು? ಬಿಟ್ಟೇಬಿಟ್ಟಳು. ಪ್ರತಿ ಜನವರಿ ನಾಂಪಲ್ಲಿಯ ಎಕ್ಸಿಬಿಷನ್‌ಗೆ ಹೋದಾಗ ಮಿರ್ಚಿ ಅಂಗಡಿಯ ಮುಂದೆ ಅವಳ ಬಾಯಲ್ಲಿ ನೀರೂರುತ್ತಿತ್ತು. ಅವನು ಮುಖ ತಿರುಗಿಸಿ, "ನಡಿ ನಡಿ, ಮನ್ಯಾಗ ನೀ ಮಾಡೂದೈತೆಲ್ಲ" ಎನ್ನುತ್ತಿದ್ದ. ಅವಳು ನೀರು ನುಂಗಿ ಹೆಮ್ಮೆಯಿಂದ ಹಿಂದೆ ನಡೆಯುತ್ತಿದ್ದಳು. ಎದುರುಮನೆಯ ಜಯಮ್ಮ, ಮೈಸೂರು ಕಡೆಯವಳು, "ಶಿವದೇವಕ್ಕ, ನಂಗೂ ಹೇಳ್ಕೊಡಿ" ಎಂದು ಬೆನ್ನು ಬಿದ್ದು ಕಲಿತಿದ್ದಳು.

ಸಂಜೆ ವಾಕಿಂಗ್ ಮುಗಿಸಿ ಬಂದ ಗಂಡನ ಕರವಸ್ತ್ರದಲ್ಲಿ ಒಮ್ಮೊಮ್ಮೆ ಹಳದಿ ಕಲೆ ಇರುತ್ತಿತ್ತು. "ಮೊಣಕಾಲಿಗೆ ಹಚ್ಚಿದ ಎಣ್ಣಿ, ಕೈ ಒರಿಸಿದ್ದೆ" ಎನ್ನುತ್ತಿದ್ದ. ಅವಳು ಸಾಬೂನು ಹಚ್ಚಿ ತಿಕ್ಕುತ್ತಿದ್ದಳು.

*

ಜಯಮ್ಮ ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಸ್ಟೀಲ್ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟಳು. ಮುಚ್ಚಳ ತೆಗೆದರೆ ಉದ್ದುದ್ದನೆಯ ಇಡೀ ಮಿರ್ಚಿಗಳು. ಕರಿದ ಎಣ್ಣೆಯ ವಾಸನೆ ಅಡುಗೆಮನೆ ತುಂಬಿತು.

"ಇದನ್ಯಾಕ ತಂದಿ?" ಎಂದಳು ಶಿವದೇವಿ.

ಜಯಮ್ಮ ತನ್ನ ಹಿಂದೆಯೇ ಒಳಬಂದಿದ್ದ ಮಾನ್ಯಾಳ ಮುಖ ನೋಡಿದಳು.

"ನಾನ ಫೋನ್ ಮಾಡಿ ಹೇಳಿದ್ದೆವ್ವಾ," ಎಂದಳು ಮಾನ್ಯಾ.

"ನಿಮ್ಮಪ್ಪ ಇದನ್ನ ಮುಟ್ಟತಿರಲಿಲ್ಲ."

"ತಿಂತಿದ್ದ ಅವ್ವಾ. ವಾಕಿಂಗ್ ಅಂತ ಹೋಗಿ ಜಯಮ್ಮ ಆಂಟಿ ಮನ್ಯಾಗ ಕುಂತು ತಿಂತಿದ್ದ. ಇವತ್ತೊಂದಿನ ಆದ್ರೂ ಅಪ್ಪಗ ಖರೇ ಇಷ್ಟ ಆಗಿದ್ದು ಇಡೋಣು ಅಂತ..."

"ನಾನೂ ಎಷ್ಟೋ ಸಲ ಬೈದೆ ಅಕ್ಕ," ಎಂದಳು ಜಯಮ್ಮ. "ಕೇಳ್ತಿರಲಿಲ್ಲ. ಅವಳಿಗೆ ಮಾತ್ರ ಹೇಳಬೇಡಮ್ಮ, ನೊಂದ್ಕೋತಾಳೆ ಅನ್ನೋರು."

"ಮತ್ತ ನನ್ನ ಕಡೆ ಪಡ್ಡಿನ ಹಂಚಿಂದು ಕಲತಿದ್ದೆಲ್ಲ?"

"ಅದು... ನಮ್ಮನೇಲಿ ಯಾರೂ ತಿನ್ನಲಿಲ್ಲ ಅಕ್ಕ."

ಶಿವದೇವಿಗೆ ಬೆಳಿಗ್ಗೆಯಿಂದ ಬರೀ ದುಃಖವಿತ್ತು. ಈಗ ಮೈಯೆಲ್ಲ ಉರಿಯಿತು. ಗಂಡ, ಗೆಳತಿ, ಹೆತ್ತ ಮಗಳು, ಮೂವರೂ ಸೇರಿ ತನ್ನನ್ನು ಹುಚ್ಚಿ ಮಾಡಿದರು. ಎಂಟು ವರ್ಷ!

"ಹಂಗಾರ ನಾ ಯಾಕ ಬಿಟ್ಟೆ?" ಎಂದಳು. "ನನ್ನ ಎದಿ ಗಟ್ಟಿ ಇತ್ತಲ್ಲ. ನಾ ಯಾಕ ಬಿಟ್ಟೆ?"

ಹೊರಗೆ ವ್ಯಾನಿನ ತೆಲುಗು ಡ್ರೈವರ್ "ಅಮ್ಮಾ, ಲೇಟ್ ಅವುತೋಂದಿ" ಎಂದು ಕೂಗಿ ಅವಸರಪಡಿಸಿದ. ಪೂಜೆಗೆ ಬಂದ ಅಯ್ಯನವರು, "ಎಡಿ ತರ್ರೆವಾ, ಹೊತ್ತಾತು" ಎಂದರು.

ಬಾಳೆ ಎಲೆ ಒಂದೇ. ಶಿವದೇವಿ ತನ್ನ ಹಂಚಿನ ಮಿರ್ಚಿಯ ತಟ್ಟೆ ಎತ್ತಿದಳು. ಇದನ್ನಿಟ್ಟರೂ ಯಾರೂ ಚಕಾರ ಎತ್ತುತ್ತಿರಲಿಲ್ಲ. ಆದರೆ ಎಡೆಯಲ್ಲಿ ಸುಳ್ಳು ಇಡುವುದೇ? ಅದು ಗಂಡನಿಗೆ ಬರುತ್ತಿತ್ತೇನೋ, ಅವಳಿಗೆ ಬರಲಿಲ್ಲ. ತಟ್ಟೆ ಕೆಳಗಿಟ್ಟು, ಜಯಮ್ಮನ ಡಬ್ಬಿಯಿಂದ ಮಿರ್ಚಿಗಳನ್ನು ಎಲೆಗೆ ಹಾಕಿಕೊಂಡು ಪಡಸಾಲೆಗೆ ಬಂದಳು. ಗಂಡನ ಮುಂದೆ ಕುಳಿತು ಎಲೆ ಸರಿಸಿದಳು.

"ತಿನ್ರಿ," ಎಂದಳು ಅವನಿಗಷ್ಟೇ ಕೇಳುವಂತೆ. "ಈಗರೆ ನನ್ನ ಮುಂದ ತಿನ್ರಿ."

*

ಮಣ್ಣು ಮಾಡಿ ಬಂದವರು ಸ್ನಾನ ಮುಗಿಸಿ ಕುಳಿತಾಗ ಎಲೆ ಅಲ್ಲೇ ಇತ್ತು. ಹೆಂಡತಿ ಮುಟ್ಟದೆ ಬೇರೆಯವರು ಮುಟ್ಟುವಂತಿಲ್ಲ.

"ಒಂದು ಚೂರು ಬಾಯಿಗೆ ಹಾಕ್ಕೊಂಡ್ರೆ ಸಾಕಕ್ಕ," ಎಂದಳು ಜಯಮ್ಮ.

ಶಿವದೇವಿ ಅವಳತ್ತ ನೋಡಲಿಲ್ಲ. ತಣ್ಣಗಾದ ಮಿರ್ಚಿಯೊಂದನ್ನು ಎತ್ತಿ ಕಚ್ಚಿದಳು. ಹಿಟ್ಟು ಮೆತ್ತಗಾಗಿತ್ತು, ಒಳಗಿನ ಖಾರ ಮಾತ್ರ ನೆತ್ತಿಗೇರಿತು. ರುಚಿಯಾಗಿತ್ತು. ಹಾಳಾದ್ದು, ಭಾಳ ರುಚಿಯಾಗಿತ್ತು. ಚೂರಿಗೆ ಸಾಕು ಮಾಡದೆ ಅದನ್ನು ಮುಗಿಸಿದಳು, ಇನ್ನೊಂದು ಎತ್ತಿಕೊಂಡಳು, ಅದನ್ನೂ ಮುಗಿಸಿದಳು. ಕಣ್ಣು ಮೂಗು ಎರಡೂ ಸುರಿಯುತ್ತಿದ್ದವು.

ಮಾನ್ಯಾ ನೀರು ಹಿಡಿದು ಬಂದಳು. ತಾಯಿ ಅವಳನ್ನು ದಾಟಿ ಗೂಟದಲ್ಲಿದ್ದ ಗಂಡನ ವಾಕಿಂಗ್ ಅಂಗಿಯ ಜೇಬಿಗೆ ಕೈ ಹಾಕಿದಳು. ನಿನ್ನೆ ತಾನೇ ಒಗೆದು ಮಡಚಿ ಇಟ್ಟ ಕರವಸ್ತ್ರ. ಬಿಡಿಸಿ, ಒಂದೊಂದೇ ಬೆರಳು ಒರೆಸಿಕೊಂಡಳು. ಎಷ್ಟು ತಿಕ್ಕಿದರೂ ಹೋಗದೆ ಮಾಸಿದ ಅವನ ಹಳದಿ ಗುರುತುಗಳ ಪಕ್ಕದಲ್ಲಿ ಅವಳ ಐದು ಬೆರಳು ಹಸಿಯಾಗಿ ಮೂಡಿದವು.