ಸೂರ್ಯನಿಗೆ ಒಂಬತ್ತು ಸುತ್ತು

ಭದ್ರಾವತಿ ನ್ಯೂ ಟೌನಿನ ಸಮತಾಳಿಗೆ ಶಿವಮೊಗ್ಗ ದುರ್ಗಿಗುಡಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಕೆಲಸ ಬೇಕೇ ಬೇಕಾಗಿತ್ತು. ೨೦೦೩ರ ಆ ಶನಿವಾರ ಬೆಳಿಗ್ಗೆ ಅವಳಮ್ಮ ನವಗ್ರಹಕ್ಕೆ ಒಂಬತ್ತು ಸುತ್ತು ಹಾಕಿಸಿಯೇ ಶಿವಮೊಗ್ಗದ ಬಸ್ಸು ಹತ್ತಿಸಿದ್ದರು. ಗುಡಿಯ ನೂಕುನುಗ್ಗಲಿನಲ್ಲಿ ತಿರುಗಿದ ತಲೆ ಸಂದರ್ಶನದ ಕೋಣೆಗೆ ಬಂದರೂ ನಿಂತಿರಲಿಲ್ಲ.

"ಏನಮ್ಮಾ ನಿನ್ನ ಸಂಶೋಧನೆ?" ಅಂದರು ಆಡಳಿತ ಮಂಡಳಿಯ ಅಧ್ಯಕ್ಷ ಮೂರ್ತಪ್ಪ, ಅಡಿಕೆ ಮಂಡಿಯ ಸಾಹುಕಾರರು.

"ನಕ್ಷತ್ರಗಳ ನಡುವೆ ತೆಳ್ಳಗೆ ಅನಿಲ ಇರುತ್ತೆ ಸರ್. ಅದು ಒಂದೇ ಕಡೆಯಿಂದ ಬೀಸ್ತಿದ್ರೆ, ಸೂರ್ಯನ್ನ ಸುತ್ತೋ ಧೂಳಿನ ದಾರಿ ಹೇಗೆ ಬದಲಾಗುತ್ತೆ ಅಂತ."

"ಧೂಳು ನೋಡೋಕೆ ಭದ್ರಾವತೀಲೇ ಇರಬಹುದಿತ್ತು," ಅಂದರು ವಿಭಾಗದ ಮುಖ್ಯಸ್ಥ ಸಂಜಯ್. ಊದಿದರೆ ಹಾರಿಹೋಗುವ ಆಳು. ಮಾತು ಮಾತ್ರ ಭಾರ. "ನಮ್ಮ ಹುಡುಗರಿಗೆ ಅರ್ಥ ಆಗ್ಬೇಕಲ್ಲ?"

"ನಂಗೆ ಅರ್ಥ ಮಾಡ್ಸಮ್ಮ ಮೊದ್ಲು. ಅರ್ಥ ಆದ್ರೆ ಕೆಲಸ ನಿಂದೇ," ಅಂದರು ಮೂರ್ತಪ್ಪ.

ತಲೆ ತಿರುಗುತ್ತಿದ್ದುದರಿಂದಲೇ ಇರಬೇಕು, ಸಮತಾಳಿಗೆ ಧೈರ್ಯ ಬಂತು. "ನೀವು ಸೂರ್ಯ ಸರ್, ನಡುವೆ ಕೂತ್ಕೊಳ್ಳಿ. ಈ ಮೇಡಂ, ಸಂಜಯ್ ಸರ್, ಇಬ್ರೂ ಧೂಳು. ನಿಮ್ಮನ್ನ ಸುತ್ತಲಿ. ನಾನು ಗಾಳಿ."

ಪ್ರಾಂಶುಪಾಲೆ ಶಕುಂತಲಮ್ಮ ತುಂಬು ದೇಹದವರು. ಎದ್ದವರೇ ಚಪ್ಪಲಿ ಬಿಟ್ಟರು. ಸಂಜಯ್ ಕೂಡ ಬಿಡಬೇಕಾಯಿತು. ಎರಡನೇ ಸುತ್ತಿಗೆ ಇಬ್ಬರ ಕೈಗಳೂ ತಾವಾಗಿ ಮುಗಿದುಕೊಂಡಿದ್ದವು. ಮೂರ್ತಪ್ಪ ಬೇಡವೆನ್ನಲಿಲ್ಲ, ಅವರ ಬಲಗೈ ಆಶೀರ್ವಾದಕ್ಕೆ ಅರ್ಧ ಎದ್ದಿತ್ತು.

"ಎಷ್ಟು ಸುತ್ತು ಮೇಡಂ?" ಅಂದರು ಸಂಜಯ್.

"ಒಂಬತ್ತು. ಅರ್ಧಕ್ಕೆ ಬಿಟ್ರೆ ಒಳ್ಳೇದಲ್ಲ," ಅಂದರು ಶಕುಂತಲಮ್ಮ.

ಸಮತಾ ರಟ್ಟಿನ ಫೈಲು ಹಿಡಿದು, ಸಿಕ್ಕವರನ್ನೆಲ್ಲ ಕಿಟಕಿಯ ಕಡೆಯಿಂದ ಬಾಗಿಲ ಕಡೆಗೇ ನೂಕತೊಡಗಿದಳು. ಹೋಗುವಾಗ ದೌಡು, ಬರುವಾಗ ತಡೆ. ಸಂಜಯ್ ಅವರ ದುಂಡು ದಾರಿ ಸುತ್ತಿಗಿಷ್ಟು ಎಳೆದುಕೊಂಡು ಸೌತೆಕಾಯಿಯಾಯಿತು: ಒಂದು ತುದಿ ಗೋಡೆ ಮುಟ್ಟಿತು, ಇನ್ನೊಂದು ಸೂರ್ಯನ ಮೊಣಕಾಲು ಸವರಿತು. ಶಕುಂತಲಮ್ಮ ಮೊದಲಿನ ದಾರಿಯಲ್ಲೇ ಇದ್ದರು.

"ಸಣ್ಣ ಕಣಕ್ಕೆ ನೂಕು ಹೆಚ್ಚು ಸರ್," ಸಮತಾ ಏದುಸಿರಿನಲ್ಲೇ ಪಾಠ ಮಾಡಿದಳು. "ದೊಡ್ಡದು ಜಗ್ಗಲ್ಲ."

"ನನ್ನ ಕಡೆ ನೋಡ್ಕೊಂಡು ಹೇಳ್ಬೇಡಮ್ಮ," ಅಂದರು ಶಕುಂತಲಮ್ಮ.

ಏಳನೇ ಸುತ್ತಿನಲ್ಲಿ ಸಂಜಯ್ ಸೂರ್ಯನ ತೊಡೆಯ ಮೇಲೇ ಬಿದ್ದರು. "ಸಾಕು ಮಾರಾಯ್ತಿ," ಎನ್ನುತ್ತ ಎದ್ದು, ಕೈಗೆ ಸಿಕ್ಕ ಕುರ್ಚಿಯಲ್ಲಿ ಕುಸಿದರು. ಅದು ಕೆಲಸ ಕೇಳಿ ಬಂದವರ ಕುರ್ಚಿ. ಸಮತಾಳೂ ಖಾಲಿಯಾಗಿದ್ದ ಸಂಜಯ್ ಕುರ್ಚಿಯಲ್ಲಿ ಕೂತಳು.

ಮೂರ್ತಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಹುಡುಗರಿಗೆ ಅರ್ಥ ಆಗುತ್ತೇನ್ರೀ ಸಂಜಯ್?"

"ಆಗುತ್ತೆ ಸರ್. ನಂಗೇ ಆಯ್ತು," ಅಂದರು ಸಂಜಯ್, ಕಣ್ಣು ಮುಚ್ಚಿಕೊಂಡೇ.

"ಹಂಗಾದ್ರೆ ಸೋಮವಾರದಿಂದ ಕೆಲಸಕ್ಕೆ ಬನ್ನಿ," ಎಂದು ಮೂರ್ತಪ್ಪ ಅಭ್ಯಾಸಬಲದಿಂದ ಎದುರಿನ ಕುರ್ಚಿಗೇ ಹೇಳಿದರು.

"ಬರ್ತೀನಿ ಸರ್," ಅಂದರು ಸಂಜಯ್. "ಬರ್ತೀನಿ ಸರ್," ಅಂದಳು ಸಮತಾ.

ಶಕುಂತಲಮ್ಮ ಇನ್ನೂ ಸುತ್ತುತ್ತಲೇ ಇದ್ದರು. ಅವರದು ಎರಡು ಬಾಕಿ ಇತ್ತು.