ಚೆನ್ನೈಗೆ ಎರಡು ದಾರಿ

ಹೈದರಾಬಾದ್ ಇನ್ನೇನು ಬಂತು ಅನ್ನುವಾಗ, ಪಟಾನ್‌ಚೆರು ಹತ್ತಿರ, ಹರ್ಷದಾ ಸೈಕಲ್ಲಿನಿಂದ ಬಿದ್ದಳು. ಯಾವ ಲಾರಿಯೂ ತಾಗಿರಲಿಲ್ಲ. ರಸ್ತೆ ಬದಿಯ ಜಲ್ಲಿಯಲ್ಲಿ ಮುಂದಿನ ಗಾಲಿ ಜಾರಿತ್ತು, ಅಷ್ಟೆ. ಕೈಯೂರಿ ಬಿದ್ದವಳು ಎದ್ದು ನಿಲ್ಲುವಷ್ಟರಲ್ಲಿ ಎಡ ಮಣಿಕಟ್ಟು ಊದಿಕೊಂಡಿತು. ಸ್ವಲ್ಪ ಮುಂದಿದ್ದ ಅನುರಾಧಾ ತಿರುಗಿ ಬಂದಳು. ಎರಡೂ ಸೈಕಲ್ಲುಗಳನ್ನು ಟೆಂಪೊ ಒಂದಕ್ಕೆ ಹೇರಿಸಿ, ಗೆಳತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಸಂಜೆ ಅವರು ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿದ್ದ ಶಾಮಲಾ ಮೌಶಿಯ ಮನೆ ಮುಟ್ಟಿದಾಗ ಹರ್ಷದಾಳ ಕೈ ಮೊಣಕೈವರೆಗೆ ಪ್ಲಾಸ್ಟರಿನೊಳಗಿತ್ತು.

ಶಾಮಲಾ ಹರ್ಷದಾಳ ತಾಯಿಯ ತಂಗಿ. ಸರ್ಕಾರಿ ಕಚೇರಿಯಲ್ಲಿ ದುಡಿದು ನಿವೃತ್ತಳಾದವಳು. ಕೈ ನೋಡಿದಳು, ಚಹಾ ಕೊಟ್ಟಳು, ಆಮೇಲೆ ಹೇಳಿದಳು: "ಸಾಕಿನ್ನ. ಇಬ್ಬರನ್ನೂ ವಿಜಾಪುರ ಬಸ್ಸಿಗೆ ಹತ್ತಸ್ತೀನಿ. ಸೈಕಲ್ ಹಿಂದಿಂದ ಬರ್ತಾವ."

"ಹೌದ್ರಿ ಮೌಶಿ," ಎಂದಳು ಅನುರಾಧಾ. ಅಷ್ಟು ಬೇಗ ಒಪ್ಪಿದ್ದು ಹರ್ಷದಾಳಿಗೆ ವಿಚಿತ್ರವೆನಿಸಿತು.

ಇಬ್ಬರೂ ವಿಜಯಪುರದವರು, ಒಂದೇ ಶಾಲೆಯಲ್ಲಿ ಓದಿದವರು. ಸೈಕಲ್ ರೇಸಿನ ಹುಚ್ಚಿನ ಆ ಊರಿನಲ್ಲಿ ಅನುರಾಧಾ ಹುಡುಗಿಯಾಗಿದ್ದಾಗ ರಾಜ್ಯಮಟ್ಟದವರೆಗೆ ಓಡಿಸಿದ್ದಳು. ಮದುವೆಯಾದ ಮೇಲೆ ಬಿಟ್ಟಿದ್ದಳು. ಮಗಳು ಕಾಲೇಜು ಸೇರಿದ ಮೇಲೆ ಮತ್ತೆ ಹಿಡಿದಿದ್ದಳು. ಹರ್ಷದಾ ಹೈಸ್ಕೂಲಿನಲ್ಲಿ ಚಿತ್ರಕಲಾ ಶಿಕ್ಷಕಿ. ಪುಸ್ತಕದಲ್ಲಿ ಅಚ್ಚಾದ ಚಿತ್ರಗಳನ್ನು ತೋರಿಸಿಯೇ ಇಷ್ಟು ವರ್ಷ ಪಾಠ ಮಾಡಿದ್ದಳು; ಒಮ್ಮೆಯಾದರೂ ಮೂಲವನ್ನು ಕಣ್ಣಾರೆ ಕಾಣಬೇಕೆಂಬ ಆಸೆ. ಮುಂಬೈ, ಹೈದರಾಬಾದ್, ಚೆನ್ನೈ, ಕೋಲ್ಕತಾ, ಈ ನಾಲ್ಕು ಊರುಗಳ ದೊಡ್ಡ ಸಂಗ್ರಹಾಲಯಗಳನ್ನು ಸೈಕಲ್ಲಿನಲ್ಲೇ ಹೋಗಿ ನೋಡುವುದೆಂದು ಇಬ್ಬರೂ ಸೇರಿ ಗೊತ್ತು ಮಾಡಿದ್ದರು. ಮುಂಬೈ ಮುಗಿದಿತ್ತು.

"ಸಾಲಾರ್ ಜಂಗ್ ನೋಡೇ ಹೋಗೋಣು," ಎಂದಳು ಹರ್ಷದಾ. "ಇಷ್ಟು ದೂರ ಬಂದೀವಿ. ಕೈ ಮುರದದ, ಕಣ್ಣಲ್ಲ."

ಮರುದಿನ ಆಟೊದಲ್ಲಿ ಆ ಸಂಗ್ರಹಾಲಯಕ್ಕೆ ಹೋದರು. ಮುಸುಕು ಹೊದ್ದ ಅಮೃತಶಿಲೆಯ ಹೆಂಗಸಿನ ಮುಂದೆ ಜನ ಒಬ್ಬರ ಹೆಗಲ ಮೇಲೊಬ್ಬರು ಮೊಬೈಲ್ ಎತ್ತಿ ನಿಂತಿದ್ದರು. ಹರ್ಷದಾ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮಂದ ಬೆಳಕಿನ ಕೋಣೆಯೊಂದರಲ್ಲಿ ದಖ್ಖನಿ ಕಿರುಚಿತ್ರಗಳಿದ್ದವು. ಅವುಗಳಲ್ಲಿ ಒಂದು ಅಂಗೈಯಗಲದ್ದು: ಬಿಜಾಪುರ ಶೈಲಿ ಎಂದು ಕೆಳಗೆ ಬರೆದಿತ್ತು. ನೇರಳೆ ಬಣ್ಣದ ಬಂಡೆಗಳು, ಹೂಬಿಟ್ಟ ಗಿಡ, ಅದರಡಿ ಬಿಳಿ ಅಂಗಿಯವನೊಬ್ಬ. ಅಂಗಿ ಎಷ್ಟು ತೆಳುವೆಂದರೆ ಒಳಗಿನ ತೋಳು ಕಾಣುತ್ತಿತ್ತು. ಹರ್ಷದಾ ಉಸಿರು ಗಾಜಿಗೆ ತಾಗುವಷ್ಟು ಬಾಗಿದಳು. ಕಾವಲಿನವನು ಹಿಂದೆ ಸರಿಯಲು ಹೇಳಿದ. ಸರಿದಳು, ಮತ್ತೆ ಬಾಗಿದಳು.

"ನೋಡಿದ್ಯಾ ಅನು? ನಮ್ಮೂರಿನ ಚಿತ್ರ ನೋಡ್ಲಿಕ್ಕೆ ಇಲ್ಲಿಗೆ ಬರಬೇಕಾತು."

ತಿರುಗಿ ನೋಡಿದಳು. ಅನುರಾಧಾ ಅಲ್ಲಿರಲಿಲ್ಲ.

ಅವಳು ಸಿಕ್ಕಿದ್ದು ಕೆಳಗೆ, ಸಂಗೀತ ಗಡಿಯಾರದ ಅಂಗಳದಲ್ಲಿ. ಗಂಟೆ ಹೊಡೆಯುವುದನ್ನು ನೋಡಲು ಶಾಲಾಮಕ್ಕಳು, ಸಂಸಾರಸ್ಥರು ಸಾಲಾಗಿ ಕೂತಿದ್ದರು. ಅನುರಾಧಾ ಕೊನೆಯ ಸಾಲಿನಲ್ಲಿ ಮೊಬೈಲಿನಲ್ಲಿ ಚೆನ್ನೈ ರಸ್ತೆಯ ನಕಾಶೆ ಸರಿಸುತ್ತಿದ್ದಳು. ಮಿರ್ಯಾಲಗುಡಾ, ಒಂಗೋಲು, ನೆಲ್ಲೂರು. ಹರ್ಷದಾಳನ್ನು ಕಂಡು ಮೊಬೈಲ್ ಮಗುಚಿಟ್ಟಳು.

"ಮುಂಬೈದಾಗ ನಾ ಒಳಗಿದ್ದಾಗ ನೀ ಎಲ್ಲಿ ಕೂತಿದ್ದಿ?" ಹರ್ಷದಾ ಪಕ್ಕದಲ್ಲಿ ಕೂತು ಕೇಳಿದಳು.

"ಹೊರಗ, ಗಿಡದ ಕೆಳಗ. ಸೈಕಲ್ ಕಾಯ್ಕೋತ."

"ಸೈಕಲ್ ನೋಡ್ಕೊಳ್ಳಿಕ್ಕೆ ವಾಚ್‌ಮನ್ ಇದ್ನಲ್ಲ."

ಅನುರಾಧಾ ನಕ್ಕಳು. "ಮೊದಮೊದಲ ಛಲೋ ಅನಸ್ತು. ಆಮ್ಯಾಲೆ ಎಲ್ಲಾ ಒಂದ ಥರಾ ಕಾಣಾಕತ್ತು. ನಿನಗ ಬ್ಯಾಸರ ಆಗ್ತೈತಿ ಅಂತ ಹೇಳ್ಲಿಲ್ಲ."

ಹರ್ಷದಾ ಪ್ಲಾಸ್ಟರಿನ ಅಂಚು ಸವರುತ್ತ ಕೂತಳು. "ನಾನೂ ಒಂದು ಹೇಳಿಲ್ಲ. ಬಿದ್ದಾಗ ನೋವಿನಕಿಂತ ಮೊದಲ ಏನನಸ್ತು ಗೊತ್ತೇನು? ಇನ್ನ ತುಳಿಯೋದು ಮುಗೀತು ಅಂತ ಸಮಾಧಾನ ಆತು. ಸೋಲಾಪುರ ದಾಟಿದಾಗಿಂದ ದಿನಾ ಮುಂಜಾನೆ ಸೈಕಲ್ ಹತ್ತಲಿಕ್ಕೆ ಹೆದರಿಕಿ."

ಅನುರಾಧಾಳ ಮುಖ ಕೆಂಪಾಯಿತು. "ಮತ್ತ ಬಾಯಿ ಬಿಡಬಾರದೇನು? ನೀ ಹಿಂದ ಉಳೀತೀ ಅಂತ ಎಷ್ಟ್ ಸಾವಕಾಶ ತುಳದೀನಿ ನಾ! ಹೆಜ್ಜಿಹೆಜ್ಜಿಗೆ ನಿಂತೀನಿ! ನಿನ್ನೆ ಮೌಶಿ ಬಸ್ಸಂದಾಗ ಹೂಂ ಅಂದೆ. ನಿನ್ನ ಬಿಟ್ಟು ಹೋಗೂದು ಹೆಂಗ ಅಂತ ಅಂದೆ."

ಮುಂದಿನ ಸಾಲಿನವರು ತಿರುಗಿ ನೋಡಿದರು. ಅಷ್ಟರಲ್ಲಿ ಗಡಿಯಾರದೊಳಗಿನ ಪುಟ್ಟ ಗಡ್ಡದವನು ಹೊರಬಂದು ಗಂಟೆ ಬಾರಿಸತೊಡಗಿದ. ಜನರ ಗಮನ ಅತ್ತ ಹೋಯಿತು. 

"ಬಿಟ್ಟ ಹೋಗು," ಎಂದಳು ಹರ್ಷದಾ. "ನೀ ತುಳಿ. ನಾ ರೈಲಿನಾಗ ಬರ್ತೀನಿ. ಚೆನ್ನೈದಾಗ ಸಿಗೋಣು."

"ಒಬ್ಬಾಕೀನ?" ಎಂದಳು ಅನುರಾಧಾ.

ಸಿಟ್ಟೆಲ್ಲ ಆ ಒಂದು ಮಾತಿಗೆ ಇಳಿದುಹೋಗಿತ್ತು. ಅನುರಾಧಾ ಎಲ್ಲಿಗೂ ಒಬ್ಬಳೇ ಹೋದವಳಲ್ಲ. ರೇಸಿಗೆ ಕೋಚ್ ಜೊತೆಗಿರುತ್ತಿದ್ದರು, ಆಮೇಲೆ ಗಂಡ ವಿಜಯಕುಮಾರ, ಈಗ ಹರ್ಷದಾ. ಆ ದಿನ ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಸೈಕಲ್ ಇಳಿಸಿಕೊಂಡು ಊರಿನ ಇನ್ನೊಂದು ತುದಿಯ ಗಚ್ಚಿಬೌಲಿಯವರೆಗೆ ಒಬ್ಬಳೇ ಹೋದಳು. ಕಚೇರಿಗೆ ಹೋಗುವ ಕ್ಯಾಬುಗಳ ಮಧ್ಯೆ, ಫ್ಲೈಓವರಿನ ಕೆಳಗೆ, ಹಾರ್ನಿನ ಸದ್ದಿನಲ್ಲಿ, ದಾರಿ ತಪ್ಪಿ, ತನಗೆ ಬಾರದ ತೆಲುಗಿನಲ್ಲಿ ಒಬ್ಬ ಇಡ್ಲಿ ಬಂಡಿಯವನನ್ನು ಕೇಳಿ ಮರಳಿ ಬಂದಳು. ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಒಮ್ಮೆಯೂ ತಿರುಗಿ ನೋಡಲಿಲ್ಲವೆಂಬುದು ಮನೆ ಮುಟ್ಟಿದ ಮೇಲೆ ಅವಳಿಗೆ ಹೊಳೆಯಿತು.

"ಹೊಂಟೀನ್ರಿ ಮೌಶಿ," ಎಂದಳು. "ಬಸ್ಸಿಗಲ್ಲ."

ಶಾಮಲಾ ಬೈದಳು. ವಿಜಯಕುಮಾರನಿಗೆ ಫೋನ್ ಹಚ್ಚಿದಳು. ಅವನು, "ಆಕಿ ಹೋಗ್ತೀನಿ ಅಂದ್ರ ಹೋಗ್ತಾಳ್ರಿ," ಎಂದ. ಶಾಮಲಾ ಶೇಂಗಾ ಚಟ್ನಿಯ ಪೊಟ್ಟಣ ಕಟ್ಟಿಕೊಟ್ಟಳು. ಹರ್ಷದಾ ಸಿಕಂದರಾಬಾದಿನಲ್ಲಿ ಚೆನ್ನೈ ರೈಲು ಹತ್ತಿದಳು.

ಚೆನ್ನೈಗೆ ಅನುರಾಧಾ ಬಂದಾಗ ಬಿಸಿಲಿಗೆ ಮೂಗಿನ ಮೇಲೆ ಚರ್ಮ ಸುಲಿದಿತ್ತು. ಅಷ್ಟರಲ್ಲಿ ಹರ್ಷದಾ ಎಗ್ಮೋರಿನ ಸಂಗ್ರಹಾಲಯದ ಕಂಚಿನ ಮೂರ್ತಿಗಳನ್ನು ಮತ್ತೆಮತ್ತೆ ನೋಡಿ ಮುಗಿಸಿದ್ದಳು. ಊಟದ ಉದ್ದಕ್ಕೂ ಒಬ್ಬಳು ರಸ್ತೆಯ ಮಾತಾಡಿದಳು, ಇನ್ನೊಬ್ಬಳು ಮೂರ್ತಿಗಳ ಮಾತಾಡಿದಳು. ಇಬ್ಬರೂ ಅರ್ಧಂಬರ್ಧ ಕೇಳಿಸಿಕೊಂಡರು. ಇಬ್ಬರಿಗೂ ಅದರಿಂದ ಬೇಸರವಾಗಲಿಲ್ಲ.

ರಜೆ ಮುಗಿದು ಶಾಲೆ ಶುರುವಾಗುವ ಹೊತ್ತಾಗಿತ್ತು. ಹರ್ಷದಾ ಅಲ್ಲಿಂದಲೇ ಊರಿಗೆ ಮರಳಿದಳು. ಅನುರಾಧಾ ಕೋಲ್ಕತಾಕ್ಕೆ ಒಬ್ಬಳೇ ಹೋದಳು. ಅವಳು ಮುಟ್ಟಿದ್ದು ಸೋಮವಾರ, ಸಂಗ್ರಹಾಲಯಕ್ಕೆ ರಜೆ. ಮುಚ್ಚಿದ ಗೇಟಿನ ಫೋಟೊ ತೆಗೆದು ಕಳಿಸಿದಳು.

"ನಾಳೆ ತಗೀತದ. ನೋಡ್ಕೊಂಡು ಬಾ," ಎಂದು ಹರ್ಷದಾ ಸ್ಟಾಫ್‌ರೂಮಿನಿಂದ ಬರೆದಳು.

"ನಾಳೆ ಪುರಿ ಕಡೆ ಹೊಂಟೀನಿ," ಎಂದು ಉತ್ತರ ಬಂತು. "ಸಮುದ್ರದ ಗುಂಟ ರಸ್ತೆ ಭಾಳ ಛಲೋ ಐತಿ ಅಂತ."

ಹರ್ಷದಾ ಅದನ್ನು ಓದಿ ನಕ್ಕಳು; ಮೊಬೈಲ್ ಚೀಲದಲ್ಲಿಟ್ಟು, ಎಂಟನೆಯ ತರಗತಿಗೆ ಹೋದಳು.