ಬೆಳಕು ಕಂಡಾಗ ಒತ್ತಿ

ಬಲಗಣ್ಣಿಗೆ ಹನಿ ಬಿದ್ದಿತ್ತು. ಎಡಗಣ್ಣಿನದು ಗುರಿ ತಪ್ಪಿ ಕೆನ್ನೆಯ ಮೇಲೆ ಇಳಿಯಿತು. ಐರ್ಲಿಸ್ ಅದನ್ನು ಒರೆಸಿಕೊಂಡು, ಅಡುಗೆಮನೆಯ ಕುರ್ಚಿಯಲ್ಲೇ ತಲೆ ಹಿಂದಕ್ಕೆ ಚೆಲ್ಲಿ, ಮತ್ತೊಮ್ಮೆ ಸೀಸೆ ಹಿಂಡಿದಳು. ಹಳದಿ ಕೋಟು ಇನ್ನೂ ಮೈಮೇಲೇ ಇತ್ತು. ಶಾಲೆಯ ಮುಂದೆ ದುಂಡು ಹಲಗೆಯ ಕೋಲು ಹಿಡಿದು ವಾಹನ ನಿಲ್ಲಿಸಿ, ಮಕ್ಕಳನ್ನು ರಸ್ತೆ ದಾಟಿಸುವುದು ಅವಳ ಕೆಲಸ. ಬೆಳಗಿನ ಪಾಳಿ ಆಗಷ್ಟೇ ಮುಗಿದಿತ್ತು.

"ಇವತ್ತೇ ಅಲ್ವಾ ಆ ಕನ್ನಡಕದ ಅಂಗಡಿ?" ಗಂಡ ಗೆತಿನ್ ಟೋಸ್ಟಿಗೆ ಬೆಣ್ಣೆ ಸವರುತ್ತ ಕೇಳಿದ.

"ಹೂಂ."

"ಕನ್ನಡಕ ಮಾರೋರಿಗೆ ಕಣ್ಣು ತೋರ್ಸೋದು ಅಂದ್ರೆ, ಕುರಿಗೆ ಜ್ವರ ಬಂತು ಅಂತ ಕಟುಕನ ಹತ್ರ ಕರ್ಕೊಂಡು ಹೋದಂಗೆ."

ಅವಳು ನಕ್ಕಳು. ಆದರೆ ಅವಳ ಮನಸ್ಸಿನಲ್ಲೂ ಅದೇ ಇತ್ತು. ಸುತ್ತಲ ನೋಟವನ್ನು ಮೆಲ್ಲಗೆ ತಿನ್ನುವ ನಿಮ್ಮ ಗ್ಲಾಕೋಮ ಹಿಡಿತದಲ್ಲಿದೆ, ಇನ್ನು ತಪಾಸಣೆಗೆ ಇಷ್ಟು ದೂರ ಬರುವುದು ಬೇಡ, ನಿಮ್ಮೂರ ಅಂಗಡಿಯಲ್ಲೇ ನೋಡುತ್ತಾರೆ ಎಂದು ಆಸ್ಪತ್ರೆಯವರು ಹೇಳಿದ್ದರು. ಹಿಡಿತದಲ್ಲಿದ್ದರೆ ಕೈ ಬಿಡುವುದೇಕೆ? ತನ್ನನ್ನು ಸಾಗಹಾಕಿದರು ಎಂದೇ ಅವಳಿಗೆ ಅನ್ನಿಸಿತ್ತು.

ಅಂಗಡಿಯ ಗೋಡೆ ತುಂಬ ಫ್ರೇಮುಗಳು, ಒಂದೊಂದಕ್ಕೂ ಪೌಂಡಿನ ಚೀಟಿ. ಕಣ್ಣು ನೋಡುವವಳು ಲೌರಿ. ಚಿಕ್ಕವಳಿದ್ದಾಗ ಮೂಗು ಸುರಿಸಿಕೊಂಡು ಐರ್ಲಿಸಳ ಕೋಟಿನ ತುದಿ ಹಿಡಿದು ರಸ್ತೆ ದಾಟುತ್ತಿದ್ದ ಹುಡುಗಿ.

"ಬನ್ನಿ ಐರ್ಲಿಸ್ ಆಂಟಿ. ನನ್ನ ಹತ್ರ ಬರೋಕೆ ಭಯಾನಾ?"

"ಭಯ ಯಾಕಮ್ಮ? ಫ್ರೇಮ್ ಮಾತ್ರ ತೋರಿಸ್ಬೇಡ."

ಕತ್ತಲ ಕೋಣೆಯಲ್ಲಿ ಅವಳು ಯಂತ್ರದ ಬೋಗುಣಿಯೊಳಗೆ ಮುಖವಿಟ್ಟಳು. ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಾದರೂ ಬೆಳಕಿನ ಹನಿ ಕಂಡಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ಆಸ್ಪತ್ರೆಯಲ್ಲಿ ಎಷ್ಟೋ ಸಲ ಮಾಡಿದ್ದೇ. ಆದರೆ ಈ ಯಂತ್ರ ಸತ್ತಂತೆ ಕೂತಿತ್ತು. ಅವಳು ಕಾದಳು. ಮೇಲೆ ಒಂದು ಬೆಳಕು ಬಂತು, ಬಲಕ್ಕೆ ಒಂದು. ಮತ್ತೆ ಬರೀ ಕಾಯುವುದು. ಇದಕ್ಕೆ ಕರೆಂಟು ಸರಿಯಾಗಿ ಬರುತ್ತಿದೆಯೋ ಇಲ್ಲವೋ ಎನ್ನಿಸಿತು.

ಲೌರಿ ಪರದೆಯ ಮೇಲಿನ ಚಿತ್ರವನ್ನು ತುಸು ಹೆಚ್ಚೇ ಹೊತ್ತು ನೋಡಿದಳು. ಎಡಭಾಗದಲ್ಲಿ, ಕೆಳಗೆ, ಬೆಳಕು ಬಂದರೂ ಅವಳು ಒತ್ತದ ಜಾಗವೆಲ್ಲ ಮಸಿ ಚೆಲ್ಲಿದಂತೆ ಕಪ್ಪು.

"ಹೋದ ಸಲ ಆಸ್ಪತ್ರೇಲಿ ತೆಗೆದ ಚಿತ್ರದಲ್ಲಿ ಇದು ಇರ್ಲಿಲ್ಲ ಆಂಟಿ."

"ಇನ್ನೇನಾಗತ್ತೆ? ನಿನ್ನ ಮೆಷೀನ್ ಓಡ್ತಾನೇ ಇರ್ಲಿಲ್ಲ. ಆಸ್ಪತ್ರೇದು ಟಿಕ್ ಅನ್ನತ್ತೆ, ಆಮೇಲೆ ಬೆಳಕು ಬರತ್ತೆ. ಇದು ಉಸಿರೇ ಬಿಡಲ್ಲ."

ಲೌರಿ ಅವಳತ್ತ ತಿರುಗಿದಳು. "ಟಿಕ್ ಅಂದಾಗ ಒತ್ತುತಿದ್ರಾ?"

"ಬೆಳಕು ಬಂದಾಗ ಒತ್ತುತಿದ್ದೆ." ಸ್ವಲ್ಪ ತಡೆದು, "ಟಿಕ್ ಅಂದ್ಮೇಲೆ ಬಂದೇ ಬರತ್ತಲ್ಲ," ಎಂದಳು. ಅಲ್ಲಿನ ನರ್ಸ್, ನಿಮ್ಮ ಬೆರಳಿಗೆ ಬಹಳ ಅವಸರ ಎಂದು ಛೇಡಿಸುತ್ತಿದ್ದದ್ದು ನೆನಪಾಯಿತು. ಅದನ್ನು ಹೇಳಲಿಲ್ಲ.

"ಅದು ಹಳೇ ಮೆಷೀನ್, ಒಳಗಡೆ ದೀಪ ಜರುಗುವಾಗ ಸದ್ದಾಗತ್ತೆ. ಇದ್ರಲ್ಲಿ ಆಗಲ್ಲ," ಎಂದಳು ಲೌರಿ ಮೆಲ್ಲಗೆ. "ಸುಸ್ತಾಗಿದ್ರೂ ಹೀಗೆ ಬರಬಹುದು. ಟೀ ಕುಡಿರಿ, ಇನ್ನೊಂದ್ಸಲ ಮಾಡೋಣ. ಆಮೇಲೆ ಚಿತ್ರ ದೊಡ್ಡ ಡಾಕ್ಟರಿಗೂ ಕಳಿಸ್ತೀನಿ."

ಕಳಿಸುತ್ತಾಳಂತೆ. ಕಳಿಸಿದರೆ ಕೋಲು ಹೋಯಿತು. ಪಕ್ಕದ ನೋಟ ಇಲ್ಲದವರನ್ನು ರಸ್ತೆಯಲ್ಲಿ ಯಾರು ನಿಲ್ಲಿಸುತ್ತಾರೆ? ಮನೆಯಲ್ಲಿ ಅವಳು ಗೆತಿನ್‌ನ ಹೆಂಡತಿ, ಅಷ್ಟೇ. ಶಾಲೆಯ ಮುಂದೆ ಅವಳು ಕೈಯೆತ್ತಿದರೆ ಇಡೀ ಕಣಿವೆಯ ಲಾರಿಗಳು ನಿಲ್ಲುತ್ತಿದ್ದವು.

ಟೀ ಹಿಡಿದು ಕಿಟಕಿಯ ಬಳಿ ಕೂತು ಗೆತಿನ್‌ಗೆ ಫೋನ್ ಮಾಡಿ ನಡೆದದ್ದು ಹೇಳಿದಳು.

"ನಾನು ಹೇಳ್ಲಿಲ್ವಾ? ಅಂಗಡಿ ಮೆಷೀನು ಅಂಗಡಿ ಕೆಲಸಾನೇ ಮಾಡೋದು," ಎಂದ ಅವನು. "ಬೆಳಕು ಒಂದೇ ತಾಳದಲ್ಲಿ ಬರತ್ತೆ ಕಣೇ. ಎರಡು ಎಣಿಸು, ಒತ್ತು. ಯಾರಿಗೆ ಗೊತ್ತಾಗತ್ತೆ?"

ಮಾಡಬಹುದಿತ್ತು. ಆಸ್ಪತ್ರೆಯ ಟಿಕ್ ಕೇಳಿ ಕೇಳಿ ತಾಳ ಅವಳಿಗೆ ಆಗಲೇ ಸಿಕ್ಕಿತ್ತು.

ಹೊರಗೆ ರಸ್ತೆ ಖಾಲಿ ಇತ್ತು. ಮರುಕ್ಷಣ ಕಿಟಕಿಯ ನಟ್ಟನಡುವೆ ಒಂದು ಕೆಂಪು ಅಂಚೆ ವ್ಯಾನು. ಅದು ಎಡಗಡೆಯಿಂದ ಬಂದದ್ದು. ಬರುವುದು ಕಂಡಿರಲೇ ಇಲ್ಲ. ಬ್ಯಾಟರಿಯ ಗಾಡಿ, ಸದ್ದಿಲ್ಲ.

ಹೋದ ವಾರವೂ ಹೀಗೇ. ಅವಳು ಮಕ್ಕಳಿಗೆ ಬನ್ನಿ ಎಂದಿದ್ದಳು, ಕೆಂಪು ಟೋಪಿಯ ಹುಡುಗಿ ಒಂದು ಕಾಲು ರಸ್ತೆಗೆ ಇಟ್ಟಾಗಿತ್ತು. ಬ್ರೇಕು ಕಿರುಚಿದ ಮೇಲೆಯೇ ಅವಳಿಗೆ ಆ ಸದ್ದಿಲ್ಲದ ಕಾರು ಕಂಡದ್ದು. ಕಾರಿನವನನ್ನು ಅವಳು ಬಾಯಿಗೆ ಬಂದಂತೆ ಬೈದಿದ್ದಳು, ಹುಡುಗಿಯ ತಾಯಿಯೂ ದನಿಗೂಡಿಸಿದ್ದಳು. ಅವನು ಮಾತ್ರ ಕಿಟಕಿ ಇಳಿಸಿ, "ನನ್ನನ್ನೇ ನೋಡ್ತಿದ್ರಲ್ಲಮ್ಮ," ಎಂದಿದ್ದ. ಸುಳ್ಳ ಎಂದುಕೊಂಡಿದ್ದಳು. ರಾತ್ರಿ ಗೆತಿನ್‌ಗೂ ಹಾಗೇ ಹೇಳಿದ್ದಳು.

ಅವನು ಸುಳ್ಳನಲ್ಲ. ಆಸ್ಪತ್ರೆ, ಅಂಗಡಿ, ಲೌರಿ, ಯಂತ್ರ ಎಂದು ಬೆಳಗಿನಿಂದ ಎಲ್ಲರ ಮೇಲೂ ಗುಮಾನಿ ಪಟ್ಟಾಗಿತ್ತು. ಈ ತನ್ನ ಎರಡು ಕಿವಿಗಳ ಮೇಲೆ ಮಾತ್ರ ಪಟ್ಟಿರಲಿಲ್ಲ. ಕಣ್ಣಿನ ಕೆಲಸವನ್ನು ಅವು ಯಾವಾಗ ವಹಿಸಿಕೊಂಡವೋ ಅವಳಿಗೆ ಗೊತ್ತೇ ಆಗಿರಲಿಲ್ಲ.

"ರೆಡೀನಾ ಆಂಟಿ?"

"ಬಂದೆ."

ಬೋಗುಣಿಯೊಳಗೆ ಗಲ್ಲ ಇಟ್ಟಳು. ಲೌರಿ ದೀಪ ಆರಿಸಿದಳು. ಕಾಣದ್ದಕ್ಕೆ ಒತ್ತುವುದಿಲ್ಲ ಎಂದು ಗೊಣಗಿಕೊಂಡಳು ಐರ್ಲಿಸ್. ಚಿತ್ರ ಹೇಗೇ ಬರಲಿ, ಮಧ್ಯಾಹ್ನ ಶಾಲೆ ಬಿಡುವ ಮುಂಚೆ ಹೆಡ್‌ಮಾಸ್ಟರಿಗೆ ಫೋನ್ ಮಾಡಿ, ಮೈ ಸರಿಯಿಲ್ಲ, ಬೇರೆ ಯಾರನ್ನಾದರೂ ನಿಲ್ಲಿಸಿ ಎನ್ನಬೇಕು. ಗೆತಿನ್‌ಗೆ ಏನು ಹೇಳುವುದೋ ಆಮೇಲೆ ನೋಡೋಣ.

"ಏನಾದ್ರೂ ಅಂದ್ರಾ?" ಎಂದಳು ಲೌರಿ.

"ಇಲ್ಲಮ್ಮ, ಶುರು ಮಾಡು."

ಮೊದಲ ಬೆಳಕು ಮೇಲೆ ಬಂತು. ಒತ್ತಿದಳು. ಆಮೇಲೆ ಬಹಳ ಹೊತ್ತು ಏನೂ ಕಾಣಲಿಲ್ಲ. ಬೆರಳು ತುಡಿಯುತ್ತಿತ್ತು. ಅದನ್ನು ಗುಂಡಿಯ ಮೇಲೆ ಹಾಗೆಯೇ ಹಿಡಿದುಕೊಂಡಿದ್ದಳು.